ಅಟ್ಟದ ಟ್ರಂಕಿನಿಂದ ನಾಲ್ಕು ಕಥೆ

ಹದಿನಾಲ್ಕು ತಿಂಗಳು ಕಥೆಯ ಒಂದು ಸಾಲೂ ಹುಟ್ಟದೆ ಕುಳಿತಿದ್ದವನು ಹೋದ ಯುಗಾದಿಯಿಂದ ಈಚೆಗೆ ನಾಲ್ಕು ಕಥೆ ಮುಗಿಸಿದ್ದೇನೆ. ನಾಲ್ಕೂ ನಾನೇ ಅರ್ಧಕ್ಕೆ ಬಿಟ್ಟಿದ್ದ ಹಳೆಯ ಕಾಗದಗಳಿಂದ ಎದ್ದವು. "ಹಳಸಿದ ಅನ್ನಕ್ಕೆ ಒಗ್ಗರಣೆ ಹಾಕುತ್ತೀಯಾ?" ಎಂದು ಗಾಂಧಿಬಜಾರಿನ ಕಾಫಿ ಗೆಳೆಯರು ನಕ್ಕಿದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ಲೆಕ್ಕ. ಹನುಮಂತನಗರದ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಮೂವತ್ತರ ಆಸುಪಾಸು ನೋಟ್‌ಪುಸ್ತಕಗಳಿದ್ದವು, ಜೊತೆಗೆ ಒಂದು ಅರೆಬರೆ ನಾಟಕ. ರದ್ದಿಯವನು ಕೆ.ಜಿ.ಗೆ ಹನ್ನೆರಡು ರೂಪಾಯಿ ಎಂದಿದ್ದ, ಹೆಂಡತಿ ತೂಕಕ್ಕೆ ಹಾಕಿಬಿಡಿ ಎಂದಿದ್ದಳು. ನಾನು ಹಟಕ್ಕೆ ಬಿದ್ದು ಎಲ್ಲವನ್ನೂ ಡಿಟಿಪಿ ಮಾಡಿಸಿ ಆರು ಸಾವಿರದಷ್ಟು ಸುರಿದೆ. ಅಚ್ಚುಕಟ್ಟಾಗಿ ಟೈಪಾಗಿ ಬಂದದ್ದೇ ತಡ, ಯಾರೋ ಬರೆದ ಕೆಟ್ಟ ಕಥೆಗಳಂತೆ ಕಂಡವು. ತಿದ್ದಿದಷ್ಟೂ ಇನ್ನಷ್ಟು ಸಪ್ಪೆ. ಸಿ.ಡಿ.ಯಲ್ಲಿದ್ದ, 'ನುಡಿ' ತಂತ್ರಾಂಶದಲ್ಲಿ ಟೈಪಾದ ಹಳೆಯ ಫೈಲುಗಳನ್ನು ಈಗಿನ ಯೂನಿಕೋಡ್ ಅಕ್ಷರಕ್ಕೆ ತಂದಾಗ ಅರ್ಕಾವತ್ತು, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಆ ತಪ್ಪುಗಳಿಂದಲೇ ಕವಿತೆ ಕಟ್ಟುತ್ತೇನೆಂದು ಹೊರಟು ಎರಡು ವಾರ ಹಾಳು ಮಾಡಿಕೊಂಡೆ.

ಹಳೆಯದನ್ನು ಮುಗಿಸುವ ಆಸೆ ಬಿಟ್ಟ ದಿನ ದಾರಿ ಸಿಕ್ಕಿತು. ಕಥೆ ನಿಂತುಹೋದ ಪುಟ, ಅದರ ಹಿಂದಿನದು, ಅಷ್ಟನ್ನೇ ಓದುತ್ತೇನೆ. ನಾಯಕನಿಗೂ ನಾಯಕಿಗೂ ಬೇಕಿಲ್ಲದ ಒಂದು ವಸ್ತುವನ್ನು ಎತ್ತಿಕೊಂಡು ಪುಸ್ತಕ ಮುಚ್ಚುತ್ತೇನೆ.

1996ರ ಒಂದು ಪ್ರೇಮಕಥೆಯಿತ್ತು. ಬೆಂಗಳೂರಿನ ಸಿಟಿ ಬಸ್ಸು ಆಗಿನ್ನೂ ಬಿಟಿಎಸ್, ಬಿಎಂಟಿಸಿ ಆಗಿರಲಿಲ್ಲ. ಹುಡುಗನಿಗೆ ಟೆಲಿಗ್ರಾಂ ಬರಬೇಕು ಎನ್ನುವಲ್ಲಿಗೆ ಬರಹ ನಿಂತಿದೆ. 2013ರಲ್ಲಿ ತಂತಿ ಸೇವೆಯೇ ನಿಂತಿತು, ಇನ್ನು ಅವನ ಪಾಡನ್ನು ಕೇಳುವವರು ಯಾರು! ಆದರೆ ಅದೇ ಪುಟದಲ್ಲಿ, ಹುಡುಗಿ ಕಿಟಕಿಯಾಚೆ ನೋಡುತ್ತಿರುವಾಗ, ಕಂಡಕ್ಟರ್ ಅವಳ ಟಿಕೆಟಿನ ಹಿಂಬದಿಯಲ್ಲಿ ಬಾಕಿ ಚಿಲ್ಲರೆಯನ್ನು ಗೀಚಿ, "ಇಳಿಯುವಾಗ ಕೇಳಮ್ಮ" ಎನ್ನುತ್ತಾನೆ. ಒಂದೇ ಸಾಲು. ಆ ಟಿಕೆಟನ್ನು ಮಾತ್ರ ಕದ್ದೆ. ಹೊಸ ಕಥೆಯಲ್ಲಿ ತೀರಿಕೊಂಡ ಗಂಡನ ಅಂಗಿಗಳನ್ನು ಮಡಚುತ್ತಿರುವ ಹೆಂಗಸಿಗೆ ಜೇಬುಗಳಲ್ಲಿ ಹದಿನೇಳು ಟಿಕೆಟುಗಳು ಸಿಗುತ್ತವೆ; ಪ್ರತಿಯೊಂದರ ಹಿಂದೆಯೂ ಅವನು ಕೇಳದೆ ಇಳಿದ ಬಾಕಿ. ಮನೆಯಲ್ಲಿ ಒಂದು ರೂಪಾಯಿಗೂ ಲೆಕ್ಕ ಕೇಳುತ್ತಿದ್ದ ಮನುಷ್ಯ! ಮೂರು ಬೆಳಗಿನಲ್ಲಿ ಬರೆದು ಮುಗಿಸಿದೆ. ದೀಪಾವಳಿ ವಿಶೇಷಾಂಕವೊಂದರಲ್ಲಿ ಬಂತು, ಮೂರು ಸಾವಿರ ಸಿಕ್ಕಿತು. ನಕ್ಕವರಲ್ಲಿ ಇಬ್ಬರು ಫೋನ್ ಮಾಡಿ ಹೊಗಳಿದರು. ಉಳಿದ ಮೂರು ಕಥೆಗಳಲ್ಲಿ ಎರಡು ಅಚ್ಚಾಗಿವೆ, ಒಂದರ ಸಂಭಾವನೆಗೆ ಎಂಟು ತಿಂಗಳಿಂದ ಕಾಯುತ್ತಿದ್ದೇನೆ.

ಯಾವ ನೋಟ್‌ಪುಸ್ತಕವನ್ನು ಮೊದಲು ತೆರೆಯಬೇಕು ಎಂಬುದಕ್ಕೆ ನನ್ನದೊಂದು ಗುರುತಿದೆ. ಅದನ್ನು ಹೇಳುವುದಿಲ್ಲ, ಟ್ರಂಕಿನಲ್ಲಿ ಇನ್ನೂ ಸರಕಿದೆ.

ನಾಟಕಕ್ಕೆ ಈ ಉಪಾಯ ಒಗ್ಗಲಿಲ್ಲ. ವಸ್ತು ಎತ್ತಿದರೆ ಮಾತೆಲ್ಲ ಕುಸಿಯುತ್ತಿತ್ತು. ಕೊನೆಗೆ ಮಾತನ್ನೇ ಎತ್ತಿದೆ. ಅದರಲ್ಲಿನ ಪಾಳೆಯಗಾರನೊಬ್ಬನ ಅಬ್ಬರದ ಸಂಭಾಷಣೆಯನ್ನು, ನಾನು ಹೊಟ್ಟೆಪಾಡಿಗೆ ಬರೆಯುವ ಟಿ.ವಿ. ಧಾರಾವಾಹಿಯ ಅತ್ತೆಯ ಬಾಯಿಗೆ ಹಾಕಿ, ಕೋಟೆ ಇದ್ದಲ್ಲಿ ಅಡುಗೆಮನೆ, ಖಡ್ಗ ಇದ್ದಲ್ಲಿ ಬೀಗದ ಕೈ ಎಂದು ಬದಲಿಸಿದೆ. ನಿರ್ದೇಶಕರು ಒಂದಕ್ಷರವನ್ನೂ ಹೊಡೆದುಹಾಕಲಿಲ್ಲ. ಆ ಅತ್ತೆ ಮುಂದಿನ ವಾರವೂ ಹಾಗೆಯೇ ಮಾತಾಡಬೇಕಂತೆ. ಪಾಳೆಯಗಾರನ ಮಾತು ಇನ್ನು ಎರಡೇ ಪುಟ ಉಳಿದಿದೆ.