ಅಮೆರಿಕದ ಚುನಾವಣೆ ನೋಡುವಾಗ ಪಕ್ಕದಲ್ಲೊಂದು ಗಡಿಯಾರ ಇರಲಿ

ಇಪ್ಪತ್ತೆಂಟು ವರ್ಷ ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ವಿದೇಶ ಪುಟ ನೋಡಿಕೊಂಡವಳು ನಾನು. ನಿವೃತ್ತಿಯಾದ ಮರುವರ್ಷವೇ 2020ರ ಅಧ್ಯಕ್ಷೀಯ ಚುನಾವಣೆ ಬಂತು. ಅಷ್ಟು ವರ್ಷದ ಅನುಭವ ಇಟ್ಟುಕೊಂಡೂ ನವೆಂಬರ್ 4ರ ಮಧ್ಯಾಹ್ನ ಊಟ ಮುಗಿಸಿ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಬರೆದೆ: ‘ಭಾವ, ನಿಮ್ಮ ಟ್ರಂಪೇ ಗೆದ್ದ ಹಾಗಿದೆ.’ ಗೆದ್ದದ್ದು ಎದುರಾಳಿ ಬೈಡನ್. ಭಾವ ನನ್ನ ಆ ಸಾಲನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಆಮೇಲೆ ನಾನು ಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲಾಂಗ್ ಬುಕ್ ತೆಗೆದುಕೊಳ್ಳಿ. ಎಡಗಡೆ ಎರಡು ಗೆರೆ ಎಳೆಯಿರಿ. ಒಂದು ಅಂಕಣ ವಾಷಿಂಗ್ಟನ್ ಸಮಯಕ್ಕೆ, ಇನ್ನೊಂದು ನಮ್ಮದಕ್ಕೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ನಾವು ಹತ್ತೂವರೆ ಗಂಟೆ ಮುಂದೆ. ಭಾಷಣ ಕೆಂಪು ಪೆನ್ನಿನಲ್ಲಿ, ನಡೆದದ್ದು ನೀಲಿಯಲ್ಲಿ. ಟಿವಿಯಲ್ಲಿ ಕೂತವರ ವಿಶ್ಲೇಷಣೆ ಮಾತ್ರ ಪೆನ್ಸಿಲ್‌ನಲ್ಲಿ ಬರೆಯಿರಿ. ಅಳಿಸುವ ಕೆಲಸ ಜಾಸ್ತಿ ಇರುತ್ತದೆ.

ನನ್ನ ತಪ್ಪು ಎಲ್ಲಾಯಿತು ನೋಡಿ. ಅಲ್ಲಿ ಬೆಳಗಿನ ಜಾವ ಎರಡೂವರೆ ಆಗುವ ಹೊತ್ತಿಗೆ, ಅಂದರೆ ನಮಗೆ ಮಧ್ಯಾಹ್ನ ಒಂದರ ಸುಮಾರಿಗೆ, ಟ್ರಂಪ್ ಶ್ವೇತಭವನದಲ್ಲಿ ನಿಂತು ನಾವು ಗೆದ್ದಿದ್ದೇವೆ ಎಂದರು. ಅಲ್ಲಿ ಗೆಲುವಿನ ಲೆಕ್ಕ ರಾಜ್ಯವಾರು. ಪೆನ್ಸಿಲ್ವೇನಿಯಾದಲ್ಲಿ ಆರು ಲಕ್ಷಕ್ಕಿಂತ ಹೆಚ್ಚು ಮತಗಳ ಮುನ್ನಡೆ ಇದ್ದದ್ದೂ ನಿಜ. ಆದರೆ ಆ ರಾಜ್ಯದ ಕಾನೂನು ಹೇಗಿತ್ತೆಂದರೆ, ಅಂಚೆಯಲ್ಲಿ ಬಂದ ಮತಗಳ ಲಕೋಟೆಯನ್ನು ಮತದಾನದ ದಿನ ಬೆಳಿಗ್ಗೆ 7ಕ್ಕೆ ಮುಂಚೆ ಒಡೆಯುವಂತೆಯೇ ಇರಲಿಲ್ಲ. ಅಂಚೆ ಮತ ನಂಬಬೇಡಿ ಎಂದು ಟ್ರಂಪ್ ತಿಂಗಳುಗಟ್ಟಲೆ ಹೇಳಿದ್ದರಿಂದ ಅವರ ಕಡೆಯವರು ಮತಗಟ್ಟೆಗೇ ಹೋದರು. ಬೈಡನ್ ಕಡೆಯವರು ಅಂಚೆಗೆ ಹಾಕಿದರು. ಮೊದಲು ಎಣಿಸಿದ್ದು ಒಬ್ಬರದ್ದು ಜಾಸ್ತಿ, ಕೊನೆಗೆ ಎಣಿಸಿದ್ದು ಇನ್ನೊಬ್ಬರದ್ದು ಜಾಸ್ತಿ. ಅಷ್ಟೇ. ಕೊನೆಗೆ ಬೈಡನ್ ಅಲ್ಲಿ ಎಂಬತ್ತು ಸಾವಿರ ಚಿಲ್ಲರೆ ಮತದಿಂದ ಗೆದ್ದರು. ಹಾಗಾಗಿ ಮುನ್ನಡೆಯ ಅಂಕಿ ಬರೆಯುವಾಗ ಪಕ್ಕದಲ್ಲೇ ಯಾವ ಮತ ಎಣಿಸಿ ಆಗಿದೆ, ಯಾವುದು ಬಾಕಿ ಎಂದು ಬರೆದುಕೊಳ್ಳಿ. ಬಾಕಿ ಗೊತ್ತಿಲ್ಲದ ಮುನ್ನಡೆಗೆ ಪೆನ್ಸಿಲ್.

ಗೆದ್ದವರು ಯಾರೆಂದು ಹೇಳುವವರು ಯಾರು ಎನ್ನುವುದನ್ನೂ ಬರೆದುಕೊಳ್ಳಬೇಕು. ನಮಗೆ ಚುನಾವಣಾ ಆಯೋಗದ ಅಭ್ಯಾಸ. ಅಲ್ಲಿ ಫಲಿತಾಂಶದ ರಾತ್ರಿ ಹಾಗೆ ಹೇಳುವ ಒಂದು ಸರ್ಕಾರಿ ಬಾಯಿ ಇಲ್ಲ. ಎಪಿ ಸುದ್ದಿಸಂಸ್ಥೆ 1848ರಿಂದ ಮತ ಲೆಕ್ಕ ಹಾಕಿ ಹೇಳುತ್ತಾ ಬಂದಿದೆ. ಟಿವಿ ಜಾಲಗಳು ತಮ್ಮ ತಮ್ಮ ಲೆಕ್ಕ ಹಾಕುತ್ತವೆ. 2020ರಲ್ಲಿ ಅರಿಜೋನಾ ರಾಜ್ಯ ಬೈಡನ್‌ಗೆ ಎಂದು ಫಾಕ್ಸ್ ನ್ಯೂಸ್ ರಾತ್ರಿ 11:20ಕ್ಕೇ ಹೇಳಿತು. ಎಪಿ ಹೇಳಿದ್ದು ಮೂರೂವರೆ ಗಂಟೆ ಬಿಟ್ಟು. ಉಳಿದವರು ದಿನಗಟ್ಟಲೆ ಕಾದರು. ಅಂತರ 10,457 ಮತ! ಇದನ್ನೆಲ್ಲ ಕನ್ನಡದಲ್ಲಿ ‘ಘೋಷಣೆ’ ಎಂದು ಬರೆದರೆ ಓದುಗರಿಗೆ ಸರ್ಕಾರವೇ ಹೇಳಿದಂತೆ ಕೇಳಿಸುತ್ತದೆ. ‘ಎಪಿ ಲೆಕ್ಕದ ಪ್ರಕಾರ ಗೆಲುವು’ ಎಂದು ಬರೆಯಿರಿ. ಉದ್ದವಾಗುತ್ತದೆ, ಆಗಲಿ.

ಪ್ರತಿಭಟನೆಯ ಚಿತ್ರ ಬಂದಾಗ ಊರು, ಗಂಟೆ, ಕೂಗು ಮೂರನ್ನೂ ಬರೆಯಬೇಕು. ನವೆಂಬರ್ 4ರಂದು ಮಿಷಿಗನ್ ರಾಜ್ಯದ ಡೆಟ್ರಾಯ್ಟ್‌ನ ಎಣಿಕೆ ಕೇಂದ್ರದ ಹೊರಗೆ ಟ್ರಂಪ್ ಬೆಂಬಲಿಗರು ‘ಎಣಿಕೆ ನಿಲ್ಲಿಸಿ’ ಎಂದು ಕೂಗುತ್ತಿದ್ದರು. ಅದೇ ದಿನ ಅರಿಜೋನಾದ ಫೀನಿಕ್ಸ್‌ನಲ್ಲಿ ಅವರದೇ ಕಡೆಯವರು ‘ಮತ ಎಣಿಸಿ’ ಎಂದು ಕೂಗುತ್ತಿದ್ದರು. ಒಂದು ಕಡೆ ಬಾಕಿ ಮತ ಅವರಿಗೆ ಭಯ, ಇನ್ನೊಂದು ಕಡೆ ಬಾಕಿ ಮತವೇ ಆಸೆ. ಊರಿನ ಹೆಸರು ಬರೆಯದೆ ಕೈಬಿಟ್ಟರೆ ಈ ಸುದ್ದಿಯಲ್ಲಿ ಏನೂ ಉಳಿಯುವುದಿಲ್ಲ ಅಲ್ವಾ?

ಅದೇ ವರ್ಷದ ಆಗಸ್ಟ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಕೆನೋಶಾ ಊರಿನಲ್ಲಿ ಪೊಲೀಸ್ ಗುಂಡೇಟಿನ ವಿರುದ್ಧ ಪ್ರತಿಭಟನೆ ನಡೆದಿತ್ತು. ಸಿಎನ್‌ಎನ್ ವರದಿಗಾರ ಉರಿಯುವ ಬೆಂಕಿಯ ಮುಂದೆ ನಿಂತಿದ್ದಾಗ, ಪರದೆಯ ಕೆಳಗಿನ ಪಟ್ಟಿಯಲ್ಲಿ ಪ್ರತಿಭಟನೆ ‘ಬಹುಪಾಲು ಶಾಂತಿಯುತ’ ಎಂದು ಬಂದು ಊರೆಲ್ಲ ನಕ್ಕಿತು. ಹಗಲಿಗೂ ರಾತ್ರಿಗೂ ಎಷ್ಟು ವ್ಯತ್ಯಾಸ ಎಂದು ವರದಿಗಾರ ಬಾಯಲ್ಲಿ ಹೇಳುತ್ತಲೇ ಇದ್ದ. ಎರಡು ಹೊತ್ತನ್ನು ಒಂದೇ ಸಾಲಿಗೆ ತುರುಕಿದ್ದು ಪಟ್ಟಿ ಬರೆದವರ ಕೆಲಸ. ಡೆಸ್ಕಿನವಳಾಗಿ ಅವರ ಮೇಲೆ ನನಗೆ ಸ್ವಲ್ಪ ಕನಿಕರ ಇದೆ.

ಇನ್ನು ಭಾಷಣ. ತುಣುಕು ನೋಡಬೇಡಿ. ಸಿ-ಸ್ಪ್ಯಾನ್ ಎಂಬ ವಾಹಿನಿ ಭಾಷಣವನ್ನು ಕತ್ತರಿಸದೆ, ನಡುವೆ ಯಾರ ಮಾತೂ ಸೇರಿಸದೆ ತೋರಿಸುತ್ತದೆ. ಅದರಲ್ಲಿ ಮಾತು ಎಷ್ಟನೇ ನಿಮಿಷಕ್ಕೆ ಬಂತು ಎಂದು ಕೆಂಪಿನಲ್ಲಿ ಗುರುತು ಹಾಕಿ. ಬೈಡನ್ ಗೆಲುವಿಗೆ ಸಂಸತ್ತು ಮುದ್ರೆ ಒತ್ತಬೇಕಿದ್ದ 2021ರ ಜನವರಿ 6ರಂದು ಟ್ರಂಪ್ ತಮ್ಮ ಬೆಂಬಲಿಗರ ಮುಂದೆ ಮಾಡಿದ ಭಾಷಣ ಸುಮಾರು 70 ನಿಮಿಷದ್ದು. ಕ್ಯಾಪಿಟಲ್‌ಗೆ, ಅಂದರೆ ಸಂಸತ್ ಭವನಕ್ಕೆ, ನಡೆಯೋಣ ಎಂಬ ಮಾತಿಗೂ, ಎಲ್ಲ ಶಕ್ತಿ ಹಾಕಿ ಹೋರಾಡುತ್ತೇವೆ ಎಂಬ ಮಾತಿಗೂ ನಡುವೆ 50 ನಿಮಿಷಕ್ಕಿಂತ ಹೆಚ್ಚು ಅಂತರ ಇತ್ತು. ಬಿಬಿಸಿಯ ಪನೋರಮಾ ಕಾರ್ಯಕ್ರಮ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಂತೆ ಅಂಟಿಸಿತು. ಅದು ಬಯಲಾಗಿ 2025ರ ನವೆಂಬರ್‌ನಲ್ಲಿ ಬಿಬಿಸಿಯ ಮಹಾನಿರ್ದೇಶಕರೂ ಸುದ್ದಿ ಮುಖ್ಯಸ್ಥೆಯೂ ರಾಜೀನಾಮೆ ಕೊಟ್ಟರು. ಶಾಂತಿಯಿಂದ ದನಿ ಎತ್ತಿ ಎಂಬ ಮಾತೂ ಅದೇ ಭಾಷಣದಲ್ಲಿದೆ. ಅದನ್ನೂ ಬರೆದುಕೊಳ್ಳಿ. ಹಾಗೆಂದು ಅದೊಂದನ್ನೇ ಎತ್ತಿ ತೋರಿಸುವವರ ಬಲೆಗೂ ಬೀಳಬೇಡಿ.

ಆ ದಿನದ ನನ್ನ ಪುಟ ಹೀಗಿದೆ. ಅವರ 12:53, ನಮ್ಮ ರಾತ್ರಿ 11:23: ಟ್ರಂಪ್ ಬೆಂಬಲಿಗರು ಕ್ಯಾಪಿಟಲ್ ಹೊರಗಿನ ತಡೆಬೇಲಿ ಮುರಿದರು. ನೀಲಿ. ಆಗ ಭಾಷಣ ಇನ್ನೂ ನಡೆಯುತ್ತಿತ್ತು. ಅವರ 1:10ಕ್ಕೆ ಭಾಷಣ ಮುಗಿಯಿತು. 2:12ಕ್ಕೆ ಕಿಟಕಿ ಒಡೆದು ಒಳಗೆ ನುಗ್ಗಿದರು. 2:24ಕ್ಕೆ, ಫಲಿತಾಂಶ ತಡೆಯಲು ಉಪಾಧ್ಯಕ್ಷ ಪೆನ್ಸ್‌ಗೆ ಧೈರ್ಯ ಇಲ್ಲ ಎಂದು ಟ್ರಂಪ್ ಟ್ವೀಟ್. ಮನೆಗೆ ಹೋಗಿ ಎಂಬ ಅವರ ವಿಡಿಯೊ 4:17ಕ್ಕೆ. ಬೇಲಿ ಮುರಿದದ್ದು ಭಾಷಣ ಮುಗಿಯುವ ಮೊದಲೇ ಎಂದು ಒಂದು ಕಡೆಯವರು ಹೇಳುತ್ತಾರೆ. 2:24ರಿಂದ 4:17ರವರೆಗೆ ಟ್ರಂಪ್ ಏನು ಮಾಡುತ್ತಿದ್ದರು ಎಂದು ಇನ್ನೊಂದು ಕಡೆಯವರು ಕೇಳುತ್ತಾರೆ. ಎರಡೂ ನನ್ನ ಪುಟದಲ್ಲಿವೆ.

ಇದಕ್ಕೆ ಕನ್ನಡದಲ್ಲಿ ಏನು ಹೆಸರು? ಪ್ರತಿಭಟನೆ, ಗಲಭೆ, ದಾಳಿ, ದಂಗೆ ನಾಲ್ಕೂ ಮರುದಿನ ಓಡಾಡಿದವು. ನಾನು ಡೆಸ್ಕಿನ ಹುಡುಗರಿಗೆ ಹೇಳುತ್ತಿದ್ದ ಉಪಾಯ ಒಂದೇ: ಮೊದಲು ಕ್ರಿಯಾಪದ ಬರೆಯಿರಿ. ಮುರಿದರು, ನುಗ್ಗಿದರು, ಪೊಲೀಸರನ್ನು ಹೊಡೆದರು. ಆಮೇಲೆ ನಾಮಪದ ತಾನಾಗಿ ಸಿಗುತ್ತದೆ. ನನಗೆ ‘ದಾಳಿ’ ಸಿಕ್ಕಿತು.

ಒಂದು ತಕರಾರಿದೆ. 2020ರ ನವೆಂಬರ್ 5ರ ಸಂಜೆ ಟ್ರಂಪ್ ಆಧಾರವಿಲ್ಲದೆ ಮೋಸದ ಆರೋಪ ಮಾಡುತ್ತಿದ್ದಾಗ ಎಬಿಸಿ, ಸಿಬಿಎಸ್, ಎನ್‌ಬಿಸಿ ಮೂರೂ ಟಿವಿ ಜಾಲಗಳು ನೇರಪ್ರಸಾರ ನಡುವೆಯೇ ನಿಲ್ಲಿಸಿದವು. ಅನೇಕರು ಮೆಚ್ಚಿದರು. ನನಗೆ ಈಗಲೂ ಒಪ್ಪಿಗೆ ಇಲ್ಲ. ಪೂರ್ತಿ ಬಿಟ್ಟು, ಆಮೇಲೆ ಒಂದೊಂದೇ ಸುಳ್ಳು ಹಿಡಿದು ತೋರಿಸಬೇಕಿತ್ತು. ಅರ್ಧಕ್ಕೆ ನಿಂತ ಭಾಷಣ ನನ್ನ ಪುಸ್ತಕದಲ್ಲಿ ಖಾಲಿ ಸಾಲಾಗುತ್ತದೆ.

ಮುಂದಿನ ಸಲ ಮತದಾನ 2028ರ ನವೆಂಬರ್ 7, ಮಂಗಳವಾರ. ಇಂಡಿಯಾನಾ, ಕೆಂಟಕಿಯ ಮೊದಲ ಮತಗಟ್ಟೆಗಳು ಮುಚ್ಚುವಾಗ ನಮಗೆ ಬುಧವಾರ ಬೆಳಗಿನ ಜಾವ 4:30. ಜಾರ್ಜಿಯಾ 5:30ಕ್ಕೆ. ರಾತ್ರಿಯೆಲ್ಲ ಸುಮ್ನೆ ಎದ್ದಿರಬೇಡಿ, ನೋಡುವುದಕ್ಕೆ ಏನೂ ಇರುವುದಿಲ್ಲ. ಡಿಕಾಕ್ಷನ್ ಹಾಕಿಟ್ಟು ಮಲಗಿ, ನಾಲ್ಕಕ್ಕೆ ಅಲಾರಂ ಇಡಿ. ಮನೆಯವರ ಗ್ರೂಪನ್ನು ಒಂದು ವಾರ ಮ್ಯೂಟ್ ಮಾಡಿ.