ಒಂದು ಬ್ರೌಸರ್‌ನಿಂದ ಇನ್ನೊಂದಕ್ಕೆ ಬುಕ್‌ಮಾರ್ಕ್‌ಗಳನ್ನು ಸಾಗಿಸುವ ಬಗೆ

ಹಳೆಯ ಬ್ರೌಸರ್‌ನಲ್ಲಿ ಉಳಿಸಿಟ್ಟ ಬುಕ್‌ಮಾರ್ಕ್‌ಗಳನ್ನು, ಅಂದರೆ ಮತ್ತೆ ನೋಡಲೆಂದು ಗುರುತಿಟ್ಟುಕೊಂಡ ವೆಬ್ ಪುಟಗಳ ಲಿಂಕ್‌ಗಳನ್ನು, ಹೊಸದಕ್ಕೆ ತರಲು ಮುಖ್ಯವಾಗಿ ಎರಡು ದಾರಿಗಳಿವೆ. ಅದೇ ಕಂಪ್ಯೂಟರಿನಲ್ಲಿರುವ ಹಳೆಯ ಬ್ರೌಸರ್‌ನ ಮಾಹಿತಿಯನ್ನು ಹೊಸ ಬ್ರೌಸರ್ ತಾನೇ ಓದಿ ಎಳೆದುಕೊಳ್ಳುವುದು ಒಂದು. ಹಳೆಯದರಲ್ಲಿರುವುದನ್ನೆಲ್ಲ ಒಂದು ಫೈಲಿಗೆ ಇಳಿಸಿ, ಆ ಫೈಲನ್ನು ಹೊಸದಕ್ಕೆ ಒಪ್ಪಿಸುವುದು ಇನ್ನೊಂದು. ಮೊದಲನೆಯದು ಬೇಗ ಮುಗಿಯುತ್ತದೆ ಎಂಬುದು ನಿಜ. ಆದರೂ ಎರಡನೆಯದನ್ನೇ ಅನುಸರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ನಡುವೆ ಏನೇ ಎಡವಟ್ಟಾದರೂ ಮೂಲ ಪಟ್ಟಿಯ ಒಂದು ಪ್ರತಿ ನಿಮ್ಮ ಕೈಯಲ್ಲೇ ಇರುತ್ತದೆ. ಬೇರೆ ಕಂಪ್ಯೂಟರಿಗೆ ಸಾಗಿಸಬೇಕಾದಾಗಲೂ ಅದೇ ಫೈಲು ಸಾಕಾಗುತ್ತದೆ.

ಈ ಫೈಲಿನ ಸ್ವರೂಪ ಬಹಳ ಹಳೆಯದು. 1990ರ ದಶಕದಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಬಳಕೆಗೆ ತಂದ ಎಚ್‌ಟಿಎಂಎಲ್ (ವೆಬ್ ಪುಟಗಳನ್ನು ಬರೆಯುವ ಭಾಷೆ) ವಿನ್ಯಾಸವನ್ನೇ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಎಲ್ಲವೂ ಇಂದಿಗೂ ಓದುತ್ತವೆ ಮತ್ತು ಬರೆಯುತ್ತವೆ. ಆ ಕಂಪನಿ ಹೋದರೂ ಅದರ ಹೆಸರು ಮಾತ್ರ ಈ ಫೈಲುಗಳ ಮೊದಲ ಸಾಲಿನಲ್ಲಿ ಉಳಿದುಕೊಂಡಿದೆ. ಪ್ರತಿ ಬುಕ್‌ಮಾರ್ಕ್‌ನ ಹೆಸರು, ವಿಳಾಸ, ಅದು ಯಾವ ಫೋಲ್ಡರ್‌ನೊಳಗಿದೆ ಎಂಬ ವಿವರ, ಅದನ್ನು ಸೇರಿಸಿದ ದಿನಾಂಕ ಇವೆಲ್ಲ ಸಾಮಾನ್ಯವಾಗಿ ಅದರಲ್ಲಿರುತ್ತವೆ. ದಿನಾಂಕವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕದಲ್ಲಿ ಬರೆದಿರುವುದರಿಂದ ಅದು ಬರಿಯ ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ತಾಣಗಳ ಪುಟ್ಟ ಐಕಾನ್‌ಗಳೂ ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸಾಲುಗಳಾಗಿ ಸೇರಿಕೊಂಡಿರುವುದುಂಟು; ನೋಟ್‌ಪ್ಯಾಡಿನಲ್ಲಿ ತೆರೆದಾಗ ಅವು ಕಂಡರೆ ಫೈಲು ಕೆಟ್ಟಿದೆ ಎಂದು ಭಾವಿಸಬೇಕಾಗಿಲ್ಲ.

ಮೊದಲು ಹಳೆಯ ಬ್ರೌಸರ್‌ನಿಂದ ಫೈಲನ್ನು ಹೊರತೆಗೆಯಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಓ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕ್ರೋಮ್‌ನಲ್ಲಿ ಬುಕ್‌ಮಾರ್ಕ್ ಮ್ಯಾನೇಜರ್, ಎಡ್ಜ್‌ನಲ್ಲಿ ಫೇವರಿಟ್ಸ್, ಫೈರ್‌ಫಾಕ್ಸ್‌ನಲ್ಲಿ ಲೈಬ್ರರಿ ತೆರೆದುಕೊಳ್ಳುತ್ತದೆ. ಕ್ರೋಮ್ ಮತ್ತು ಎಡ್ಜ್‌ಗಳಲ್ಲಿ ಹಾಗೆ ತೆರೆದ ಭಾಗದ ಮೇಲಿರುವ ಮೂರು ಚುಕ್ಕಿಗಳ ಮೆನುವಿನೊಳಗೆ ಎಕ್ಸ್‌ಪೋರ್ಟ್ ಎಂಬ ಆಯ್ಕೆ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ‘ಇಂಪೋರ್ಟ್ ಆ್ಯಂಡ್ ಬ್ಯಾಕಪ್’ ಎಂಬಲ್ಲಿ ಕ್ಲಿಕ್ ಮಾಡಿ, ಬುಕ್‌ಮಾರ್ಕ್‌ಗಳನ್ನು ಎಚ್‌ಟಿಎಂಎಲ್‌ಗೆ ಎಕ್ಸ್‌ಪೋರ್ಟ್ ಮಾಡುವ ಆಯ್ಕೆಯನ್ನು ಆರಿಸಿಕೊಳ್ಳಬೇಕು. ಸಫಾರಿಯಲ್ಲಿ ಈ ಕೆಲಸ ಮೇಲಿನ ಫೈಲ್ ಮೆನುವಿನಿಂದಲೇ ಆಗುತ್ತದೆ. ಫೈಲಿನ ಹೆಸರಿನಲ್ಲಿ ಬ್ರೌಸರ್ ಮತ್ತು ದಿನಾಂಕ ಎರಡೂ ಇರುವಂತೆ ನೋಡಿಕೊಂಡರೆ, ಮುಂದೆ ಇಂಥ ನಾಲ್ಕಾರು ಫೈಲುಗಳು ಸೇರಿಕೊಂಡಾಗ ಯಾವುದು ಯಾವುದೆಂದು ತಡಕಾಡುವುದು ತಪ್ಪುತ್ತದೆ.

ಫೈಲು ಸಿದ್ಧವಾದ ಕೂಡಲೇ ಮುಂದಿನ ಹಂತಕ್ಕೆ ಹೋಗದೆ, ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ತೆರೆದು ನೋಡಬೇಕು. ಅದು ಸಾಮಾನ್ಯ ವೆಬ್ ಪುಟದಂತೆ, ಲಿಂಕ್‌ಗಳ ಉದ್ದನೆಯ ಪಟ್ಟಿಯಾಗಿ ಕಾಣಿಸುತ್ತದೆ. ಎಲ್ಲಕ್ಕಿಂತ ಒಳಗಿರುವ ಫೋಲ್ಡರ್, ಪಟ್ಟಿಯ ಕಟ್ಟಕಡೆಯ ಲಿಂಕ್ ಮತ್ತು ಕನ್ನಡದಲ್ಲಿ ಹೆಸರಿಟ್ಟ ಒಂದೆರಡು ಬುಕ್‌ಮಾರ್ಕ್‌ಗಳು ಸರಿಯಾಗಿ ಕಂಡರೆ ಮುಂದುವರಿಯಬಹುದು. ಪಟ್ಟಿ ಅನಿರೀಕ್ಷಿತವಾಗಿ ಚಿಕ್ಕದಾಗಿದ್ದರೆ, ಒಂದೇ ಬ್ರೌಸರ್‌ನಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಫೈಲ್‌ಗಳು (ಬೇರೆ ಬೇರೆ ಬಳಕೆದಾರರಿಗೆ ಅಥವಾ ಬಳಕೆಗೆ ಮಾಡಿಟ್ಟ ಪ್ರತ್ಯೇಕ ವಿಭಾಗಗಳು) ಇವೆಯೇ ಎಂದು ಪರಿಶೀಲಿಸಬೇಕು. ಪ್ರತಿ ಪ್ರೊಫೈಲ್‌ಗೂ ತನ್ನದೇ ಬುಕ್‌ಮಾರ್ಕ್‌ಗಳಿರುವುದರಿಂದ ಪ್ರತಿಯೊಂದರಿಂದಲೂ ಬೇರೆ ಬೇರೆ ಫೈಲನ್ನೇ ತೆಗೆಯಬೇಕಾಗುತ್ತದೆ.

ಹೊಸ ಬ್ರೌಸರ್‌ಗೆ ಫೈಲನ್ನು ತುಂಬುವಾಗ ಹೆಚ್ಚಿನವರು ಮರೆಯುವ ಸಂಗತಿ ಸಿಂಕ್. ಅದು ಚಾಲೂ ಇದ್ದರೆ ಇಲ್ಲಿ ಆದ ಪ್ರತಿಯೊಂದು ಬದಲಾವಣೆಯೂ ಅದೇ ಖಾತೆಗೆ ಜೋಡಿಸಿದ ಫೋನು ಮತ್ತಿತರ ಕಂಪ್ಯೂಟರುಗಳಿಗೂ ಹರಡುತ್ತದೆ; ಬೇಡದ ನಕಲುಗಳು ಹರಡುವಷ್ಟೇ ಸುಲಭವಾಗಿ, ಅಚ್ಚುಕಟ್ಟು ಮಾಡುವ ಭರದಲ್ಲಿ ನೀವು ಅಳಿಸಿದ್ದೂ ಎಲ್ಲೆಡೆಯಿಂದ ಅಳಿದುಹೋಗುತ್ತದೆ. ಆದ್ದರಿಂದ ಮೊದಲು ಸಿಂಕ್ ನಿಲ್ಲಿಸಿ, ಫೈಲನ್ನು ತುಂಬಿ, ಫಲಿತಾಂಶ ತೃಪ್ತಿಕರವಾಗಿದೆ ಎಂದು ಖಚಿತವಾದ ಬಳಿಕವೇ ಅದನ್ನು ಮತ್ತೆ ಆರಂಭಿಸುವುದು ಲೇಸು. ಎಕ್ಸ್‌ಪೋರ್ಟ್ ಇದ್ದ ಮೆನುವಿನಲ್ಲೇ ಇಂಪೋರ್ಟ್ ಕೂಡ ಇರುತ್ತದೆ. ಕ್ರೋಮ್‌ನಲ್ಲಿ ಮೊದಲೇ ಬುಕ್‌ಮಾರ್ಕ್‌ಗಳಿದ್ದರೆ ಹೊಸದಾಗಿ ಬಂದವು ‘ಇಂಪೋರ್ಟೆಡ್’ ಎಂಬ ಪ್ರತ್ಯೇಕ ಫೋಲ್ಡರ್‌ಗೆ ಹೋಗಿ ಕೂರುತ್ತವೆ. ಫೈರ್‌ಫಾಕ್ಸ್ ಅವುಗಳನ್ನು ಬುಕ್‌ಮಾರ್ಕ್ಸ್ ಮೆನುವಿಗೆ ಸೇರಿಸುತ್ತದೆ. ವಿಳಾಸದ ಜಾಗದ ಕೆಳಗಿರುವ ಬುಕ್‌ಮಾರ್ಕ್ಸ್ ಬಾರ್‌ನಲ್ಲಿ ಏನೂ ಕಾಣಲಿಲ್ಲವೆಂದು ಅದೇ ಫೈಲನ್ನು ಮತ್ತೆ ತುಂಬಬಾರದು, ಏಕೆಂದರೆ ಹಾಗೆ ಮಾಡಿದರೆ ಎಲ್ಲವೂ ಎರಡೆರಡಾಗುತ್ತವೆ. ಮೊದಲು ಈ ಜಾಗಗಳನ್ನು ಹುಡುಕಿ, ಅಲ್ಲಿಂದ ಬೇಕಾದ ಕಡೆಗೆ ಫೋಲ್ಡರ್‌ಗಳನ್ನು ಎಳೆದುಕೊಂಡರಾಯಿತು.

ಫೈರ್‌ಫಾಕ್ಸ್ ಬಳಸುವವರು ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಅದೇ ಮೆನುವಿನಲ್ಲಿರುವ ಬ್ಯಾಕಪ್ ಆಯ್ಕೆಯು ಜೇಸನ್ ಎಂಬ ಬೇರೆ ಸ್ವರೂಪದ ಫೈಲನ್ನು ಕೊಡುತ್ತದೆ. ಒಂದು ಫೈರ್‌ಫಾಕ್ಸ್‌ನಿಂದ ಇನ್ನೊಂದು ಫೈರ್‌ಫಾಕ್ಸ್‌ಗೆ ಹೋಗುವುದಾದರೆ ಅದು ಚೆನ್ನಾಗಿ ಒದಗುತ್ತದೆ, ಆದರೆ ಕ್ರೋಮ್‌ನ ಇಂಪೋರ್ಟ್ ಅದನ್ನು ಸ್ವೀಕರಿಸುವುದಿಲ್ಲ. ಅಷ್ಟೇ ಅಲ್ಲದೆ, ಆ ಬ್ಯಾಕಪ್ ಫೈಲನ್ನು ಮರಳಿ ತುಂಬುವ ರಿಸ್ಟೋರ್ ಆಯ್ಕೆಯು ಈಗಿರುವ ಬುಕ್‌ಮಾರ್ಕ್‌ಗಳಿಗೆ ಹೊಸವನ್ನು ಸೇರಿಸುವುದಲ್ಲ. ಇರುವುದನ್ನೆಲ್ಲ ತೆಗೆದುಹಾಕಿ ಆ ಜಾಗದಲ್ಲಿ ಹಳೆಯದನ್ನು ಇಡುತ್ತದೆ.

ಕೆಲವು ಸಂಗತಿಗಳು ಎಚ್‌ಟಿಎಂಎಲ್ ಫೈಲಿನ ದಾರಿಯಲ್ಲಿ ಬರುವುದೇ ಇಲ್ಲ. ಫೈರ್‌ಫಾಕ್ಸ್‌ನ ಟ್ಯಾಗ್‌ಗಳು (ಬುಕ್‌ಮಾರ್ಕ್‌ಗಳಿಗೆ ಅಂಟಿಸುವ ಗುರುತುಪದಗಳು) ಫೈಲಿನಲ್ಲಿ ದಾಖಲಾದರೂ ಕ್ರೋಮ್‌ನಲ್ಲಿ ಅಂಥ ಸೌಲಭ್ಯ ಇಲ್ಲದ ಕಾರಣ ಅಲ್ಲಿ ಕಾಣಿಸುವುದಿಲ್ಲ. ಬ್ರೌಸರ್‌ನದೇ ಸೆಟ್ಟಿಂಗ್ಸ್ ಪುಟಗಳಿಗೆ ಹಾಕಿಟ್ಟ ಬುಕ್‌ಮಾರ್ಕ್‌ಗಳು ಬೇರೆ ಬ್ರೌಸರ್‌ನಲ್ಲಿ ಕೆಲಸ ಮಾಡುವುದಿಲ್ಲ. ಕಂಪ್ಯೂಟರಿನೊಳಗಿನ ಫೈಲಿಗೆ ಕೊಟ್ಟ ಲಿಂಕ್ ಬೇರೆ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಪಾಸ್‌ವರ್ಡ್‌ಗಳಂತೂ ಇದರ ವ್ಯಾಪ್ತಿಗೆ ಬರುವುದೇ ಇಲ್ಲ.

ನೇರ ದಾರಿಯನ್ನೇ ಆರಿಸಿಕೊಳ್ಳುವವರು ಹೊಸ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಬೇರೆ ಬ್ರೌಸರ್‌ನಿಂದ ಮಾಹಿತಿ ತರುವ ಆಯ್ಕೆಯನ್ನು ಹುಡುಕಿ, ಹಳೆಯ ಬ್ರೌಸರ್ ಅನ್ನು ಪೂರ್ತಿಯಾಗಿ ಮುಚ್ಚಿದ ನಂತರ ಅದನ್ನು ಬಳಸಬೇಕು. ಬುಕ್‌ಮಾರ್ಕ್‌ಗಳನ್ನಷ್ಟೇ ಗುರುತು ಮಾಡಿದರೆ ಇತಿಹಾಸ, ಪಾಸ್‌ವರ್ಡ್ ಮುಂತಾದವು ಜೊತೆಗೆ ಬರುವುದಿಲ್ಲ.

ಫೋನಿನಲ್ಲಿ ಪರಿಸ್ಥಿತಿ ಬೇರೆ. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಬುಕ್‌ಮಾರ್ಕ್‌ಗಳನ್ನು ಹೀಗೆ ಫೈಲಿಗೆ ಇಳಿಸುವ ಆಯ್ಕೆ ಇಲ್ಲ. ಫೋನಿನಲ್ಲಿರುವುದನ್ನು ಸಿಂಕ್ ಮೂಲಕ ಕಂಪ್ಯೂಟರಿಗೆ ತಂದು, ಅಲ್ಲಿ ಮೇಲಿನ ಕ್ರಮದಲ್ಲಿ ಹೊಸ ಬ್ರೌಸರ್‌ಗೆ ಸಾಗಿಸಿ, ಹೊಸದರ ಸಿಂಕ್ ಮೂಲಕ ಫೋನಿಗೆ ಮರಳಿಸುವುದೇ ನಂಬಬಹುದಾದ ದಾರಿ. ಸುತ್ತುಬಳಸಾದರೂ ಯಾವುದೋ ಅಪರಿಚಿತ ಆ್ಯಪ್‌ಗೆ ಪಟ್ಟಿಯನ್ನೆಲ್ಲ ಒಪ್ಪಿಸುವುದಕ್ಕಿಂತ ಇದು ಮೇಲು.

ಹಳೆಯ ಬ್ರೌಸರ್ ತೆರೆಯುವುದೇ ಇಲ್ಲವೆಂದಾದರೂ ಕೈಚೆಲ್ಲಬೇಕಾಗಿಲ್ಲ. ಕ್ರೋಮ್ ತನ್ನ ಪ್ರೊಫೈಲ್ ಫೋಲ್ಡರ್‌ನಲ್ಲಿ ‘ಬುಕ್‌ಮಾರ್ಕ್ಸ್’ ಎಂಬ, ಕೊನೆಗೆ ಚುಕ್ಕಿ ಮತ್ತು ವಿಸ್ತರಣೆ (.txt ಮುಂತಾದುದು) ಇಲ್ಲದ ಹೆಸರಿನ ಫೈಲಿನಲ್ಲಿ ಬುಕ್‌ಮಾರ್ಕ್‌ಗಳನ್ನು ಇಟ್ಟಿರುತ್ತದೆ. ಅದನ್ನು ನಕಲಿಸಿಕೊಂಡು, ಕ್ರೋಮ್ ಮುಚ್ಚಿರುವಾಗ, ಇನ್ನೊಂದು ಕಂಪ್ಯೂಟರಿನ ಖಾಲಿ ಪ್ರೊಫೈಲ್‌ನಲ್ಲಿ ಅದೇ ಜಾಗದಲ್ಲಿಟ್ಟರೆ ಪಟ್ಟಿ ಮರಳಿ ಸಿಗುತ್ತದೆ, ಆಮೇಲೆ ಎಂದಿನಂತೆ ಎಕ್ಸ್‌ಪೋರ್ಟ್ ಮಾಡಬಹುದು. ಫೈರ್‌ಫಾಕ್ಸ್ ತನ್ನ ಪ್ರೊಫೈಲ್‌ನೊಳಗಿನ ‘ಬುಕ್‌ಮಾರ್ಕ್‌ಬ್ಯಾಕಪ್ಸ್’ ಫೋಲ್ಡರ್‌ನಲ್ಲಿ ಹಿಂದಿನ ದಿನಗಳ ಪ್ರತಿಗಳನ್ನು ತಾನಾಗಿಯೇ ಕೂಡಿಡುತ್ತದೆ. ಅವನ್ನು ಇನ್ನೊಂದು ಫೈರ್‌ಫಾಕ್ಸ್‌ನ ರಿಸ್ಟೋರ್‌ಗೆ ಕೊಡಬಹುದು.

ಕೆಲಸ ಮುಗಿದ ಬಳಿಕ ಎಚ್‌ಟಿಎಂಎಲ್ ಫೈಲನ್ನು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹಾಗೆಯೇ ಬಿಡಬಾರದು. ಅದಕ್ಕೆ ಯಾವ ಬೀಗವೂ ಇರುವುದಿಲ್ಲ, ತೆರೆದವರೆಲ್ಲ ಓದಬಹುದು; ಹಂಚಿಕೊಂಡ ದಾಖಲೆಗಳ ಖಾಸಗಿ ಲಿಂಕ್‌ಗಳು ಅದರಲ್ಲಿದ್ದರೆ ಆ ದಾಖಲೆಗಳೂ ತೆರೆದುಕೊಳ್ಳಬಹುದು. ಸ್ವಂತ ಪೆನ್ ಡ್ರೈವಿನಲ್ಲಿ ಒಂದು ಪ್ರತಿಯನ್ನು ಎತ್ತಿಟ್ಟುಕೊಂಡು, ಹಲವರು ಬಳಸುವ ಕಂಪ್ಯೂಟರಿನಿಂದ ಅದನ್ನು ಅಳಿಸಿ, ರಿಸೈಕಲ್ ಬಿನ್ ಅನ್ನೂ ಖಾಲಿ ಮಾಡಬೇಕು.