ಸೀನಿಗೂ ಸಿಟ್ರಿಜಿನ್, ತುರಿಕೆಗೂ ಸಿಟ್ರಿಜಿನ್: ನಿಮ್ಮದು ಯಾವ ಅಲರ್ಜಿ?

ಮೆಡಿಕಲ್ ಶಾಪ್‌ನಲ್ಲಿ ‘ಅಲರ್ಜಿ ಮಾತ್ರೆ ಕೊಡಿ’ ಎನ್ನುವವರಲ್ಲಿ ಒಬ್ಬರಿಗೆ ಮೂಗಿನ ಅಲರ್ಜಿ, ಇನ್ನೊಬ್ಬರಿಗೆ ಪಿತ್ತದ ಗಂಧೆ, ಮತ್ತೊಬ್ಬರಿಗೆ ಬರೀ ನೆಗಡಿ. ಸಿಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಎಲ್ಲವೂ ಮಾಡುವುದು ಒಂದೇ ಕೆಲಸ: ಅಲರ್ಜಿಯಾದಾಗ ದೇಹ ಹೊರಬಿಡುವ, ಸೀನು–ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕಕ್ಕೆ ತಡೆ ಒಡ್ಡುವುದು. ಅದರ ಕಿತಾಪತಿ ಇಲ್ಲದ ಕಾಯಿಲೆಗೆ ನುಂಗಿದರೆ ಸಿಗುವುದು ಹೆಚ್ಚೆಂದರೆ ತೂಕಡಿಕೆ.

ಮೊದಲು ಕೆರೆತ ಗಮನಿಸಿ. ಸಾಲುಸಾಲು ಸೀನು, ನೀರಿನಂತೆ ಸೋರುವ ಮೂಗು, ಕಣ್ಣು ಕೆರೆತ ಇದ್ದು ಜ್ವರ ಇಲ್ಲವೆಂದರೆ ಅಲರ್ಜಿಯ ಸಾಧ್ಯತೆ ಹೆಚ್ಚು. ಗಂಟಲು ನೋವು, ಮೈಕೈ ನೋವಿನೊಂದಿಗೆ ಬಂದು ವಾರ, ಹತ್ತು ದಿನದಲ್ಲಿ ಹೋಗುವುದು ನೆಗಡಿ.

ಆಮೇಲೆ ಯಾವಾಗ, ಎಲ್ಲಿ ಶುರುವಾಗುತ್ತದೆ ಎಂದು ಬರೆದಿಡಿ. ಹಾಸಿಗೆ ಕೊಡವಿದಾಗಲೋ, ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಹೂ ಬಿಟ್ಟಾಗಲೋ? ಈ ಗಿಡದ ಕಥೆಯೇ ಬೇರೆ. ಪರಾಗ ಮೂಗಿಗೆ ಹೋಗಿ ಬರುವ ಸೀನಿಗೆ ಮಾತ್ರೆ ನಾಟುತ್ತದೆ. ಅದೇ ಗಿಡ ತಾಗಿ ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ಏಳುವ ಕಜ್ಜಿಗೆ ಅಷ್ಟಾಗಿ ನಾಟದು. ಅಲ್ಲಿ ಕೆಲಸ ಮಾಡುವುದು ಹಿಸ್ಟಮಿನ್ ಅಲ್ಲ, ದೇಹದ ರಕ್ಷಣಾ ವ್ಯವಸ್ಥೆಯ ಟಿ ಕಣಗಳು (ಒಂದು ಬಗೆಯ ಬಿಳಿ ರಕ್ತಕಣ). ಗಿಡ ಒಂದೇ, ಕಾಯಿಲೆ ಎರಡು. ಕಜ್ಜಿಗೆ ಚರ್ಮವೈದ್ಯರನ್ನೇ ಕಾಣಬೇಕು.

ಗಂಧೆಯಾದರೆ ಒಂದು ದದ್ದಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆಯಿರಿ. 24 ಗಂಟೆಯೊಳಗೆ ಅಲ್ಲಿ ಮಾಯವಾಗಿ ಬೇರೆಡೆ ಎದ್ದರೆ ಅದು ಗಂಧೆಯೇ. 6 ವಾರ ದಾಟಿದ್ದಕ್ಕೆ ಬಹುಪಾಲು ಹೊರಗಿನ ಕಾರಣ ಸಿಗುವುದಿಲ್ಲ, ಬದನೆಕಾಯಿ ಬಿಟ್ಟು ಕೂರುವುದು ವ್ಯರ್ಥ. ವೈದ್ಯರು ಹೇಳಿದಷ್ಟು ದಿನ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಿ.

ಸದಾ ಮೂಗು ಕಟ್ಟುವವರಿಗೆ ಮಾತ್ರೆಗಿಂತ ಸ್ಟೀರಾಯ್ಡ್ ಸ್ಪ್ರೇ ಮೇಲು. ಉಬ್ಬಸಕ್ಕೆ ಇನ್‌ಹೇಲರ್ ಬೇಕು.

ಚರ್ಮಕ್ಕೆ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆ ಇದ್ದರೆ ಮಾತ್ರೆ ಯಾವಾಗ ನಿಲ್ಲಿಸಬೇಕೆಂದು ಮೊದಲೇ ಕೇಳಿ. ಸಾಮಾನ್ಯವಾಗಿ ಸುಮಾರು ವಾರ ಮುಂಚೆ. ಇಲ್ಲವಾದರೆ ಅಲರ್ಜಿ ಇದ್ದರೂ ದದ್ದು ಏಳದು.

ಸ್ಟ್ರಿಪ್‌ನ ಹಿಂಬದಿ ಓದುವುದನ್ನು ಮರೆಯಬೇಡಿ. ನೆಗಡಿ ಮಾತ್ರೆ ಹಲವುಗಳಲ್ಲಿ ಕ್ಲೋರ್‌ಫೆನಿರಮಿನ್ ಇರುತ್ತದೆ, ಅದೂ ಹಿಸ್ಟಮಿನ್ ತಡೆಯುವ, ನಿದ್ದೆ ತರಿಸುವ ಔಷಧವೇ. ಜೊತೆಗೆ ಸಿಟ್ರಿಜಿನ್ ನುಂಗಿದರೆ ನಿದ್ದೆ ದುಪ್ಪಟ್ಟು. ಬೈಕ್ ಹತ್ತಲೇಬೇಡಿ. ಕ್ಲೋರ್‌ಫೆನಿರಮಿನ್ ಜೊತೆ, ಕಟ್ಟಿದ ಮೂಗು ಬಿಡಿಸುವ ಫಿನೈಲೆಫ್ರಿನ್ ಬೆರೆತ ಔಷಧ 4 ವರ್ಷದೊಳಗಿನ ಮಕ್ಕಳಿಗೆ ಬೇಡವೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ.

ನಾಲಿಗೆ ಊದಿ, ಉಸಿರು ಕಟ್ಟಿ, ತಲೆ ಸುತ್ತಿದರೆ ಮಾತ್ರೆ ಹುಡುಕುತ್ತಾ ಕೂರಬೇಡಿ. ಆಗ ಬೇಕಿರುವುದು ಅಡ್ರಿನಲಿನ್ ಇಂಜೆಕ್ಷನ್. 108ಕ್ಕೆ ಕರೆ ಮಾಡಿ.